ಗಾಯ ಮಾಗಿದರೂ ಮಾಗದ ನೋವು

ನಿಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಒಂದು ಪುಟ್ಟ ಸಮೀಕ್ಷೆ ನಡೆಸಿ ನೋಡಿ. ‘ಕಳೆದ ಒಂದು ತಿಂಗಳಲ್ಲಿ ನಿಮ್ಮ ಸೊಂಟ ಅಥವಾ ಬೆನ್ನಿನ ಕೆಳಭಾಗ ಒಂದು ದಿನವಾದರೂ ನೋಯಿತೆ?’ ಎಂದು ಕೇಳಿ. ಕೆಲವರಾದರೂ ಹೌದು ಎನ್ನುತ್ತಾರೆ. ಕಾರಣ ಕೇಳಿದರೆ ಉತ್ತರಗಳು ಬಗೆಬಗೆಯಾಗಿರುತ್ತವೆ: ‘ಡಿಸ್ಕ್ ಜಾರಿದೆಯಂತೆ’, ‘ಮೂಳೆ ಸವೆದಿದೆ’, ‘ವಾಯು’, ‘ಬಸ್ಸಿನ ಕುಲುಕಾಟ’, ‘ಗ್ಯಾಸ್ ಸಿಲಿಂಡರ್ ಎತ್ತಿದ್ದು’. ಏನು ಮಾಡಿದಿರಿ ಎಂದರೆ ‘ಮಲಗಿಬಿಟ್ಟೆ’, ‘ಬೆಲ್ಟ್ ಕಟ್ಟಿಕೊಂಡೆ’, ‘ಸ್ಕ್ಯಾನ್ ಮಾಡಿಸಿದೆ’ ಎಂಬ ಉತ್ತರಗಳು ಬರುತ್ತವೆ.

ಈ ಉತ್ತರಗಳಲ್ಲಿ ಯಾವುದು ಸರಿ? ಒಬ್ಬ ರೋಗಿಯನ್ನು ಎಷ್ಟು ಚೆನ್ನಾಗಿ ಪರೀಕ್ಷಿಸಿದರೂ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ನೋವಿರುವವರನ್ನೂ ಇಲ್ಲದವರನ್ನೂ ಒಟ್ಟಿಗೆ, ನೂರಾರು ಸಾವಿರಾರು ಸಂಖ್ಯೆಯಲ್ಲಿ ಹೋಲಿಸಿ ನೋಡಬೇಕಾಗುತ್ತದೆ. ಹೀಗೆ ನೋಡಿದಾಗ ದೊರೆತ ಉತ್ತರಗಳು ವೈದ್ಯರನ್ನೂ ಅಚ್ಚರಿಗೊಳಿಸಿವೆ. ಬೆನ್ನುನೋವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಹುಡುಕಾಟದ ಹಾದಿಯನ್ನು ನೋಡೋಣ.

ಎಷ್ಟು ಜನರ ನೋವು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆಮತ್ತೆ ಮರಳುವ ನೋವನ್ನು ದೀರ್ಘಕಾಲಿಕ ನೋವು ಎನ್ನುತ್ತಾರೆ. ಬಹುಕಾಲ ಇದನ್ನು ಬೇರಾವುದೋ ರೋಗದ ಲಕ್ಷಣವೆಂದು ಮಾತ್ರ ಎಣಿಸಲಾಗುತ್ತಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ದೀರ್ಘಕಾಲಿಕ ನೋವಿಗೆ ತನ್ನದೇ ಆದ ಸ್ಥಾನ ದೊರೆತಿದೆ. ಕ್ಯಾನ್ಸರ್, ಸಂಧಿವಾತ ಮುಂತಾದ ಗೊತ್ತಾದ ಕಾರಣದಿಂದ ಬರುವ ನೋವು ಒಂದು ಬಗೆ. ನೋವೇ ಒಂದು ರೋಗವಾಗಿ ನಿಲ್ಲುವುದು ಇನ್ನೊಂದು ಬಗೆ.

ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ 2020ರಲ್ಲಿ ಲೋಕದಾದ್ಯಂತ ಸುಮಾರು 61.9 ಕೋಟಿ ಜನರಿಗೆ ಬೆನ್ನಿನ ಕೆಳಭಾಗದ ನೋವಿತ್ತು. ಜನಸಂಖ್ಯೆ ಬೆಳೆದು ವೃದ್ಧರ ಸಂಖ್ಯೆ ಏರುವುದರಿಂದ 2050ರ ವೇಳೆಗೆ ಇದು 84.3 ಕೋಟಿ ಮುಟ್ಟಬಹುದು ಎಂಬ ಲೆಕ್ಕಾಚಾರವಿದೆ. ಬೆನ್ನುನೋವಿನಿಂದ ಸಾಯುವವರು ಇಲ್ಲವೆನ್ನಬಹುದು. ಆದರೆ ಅಶಕ್ತರಾಗಿ ಕಳೆದ ವರ್ಷಗಳನ್ನು ಎಣಿಸಿದರೆ ಎಲ್ಲ ರೋಗಗಳಲ್ಲಿ ಮೊದಲ ಸ್ಥಾನ ಇದರದೇ.

ಇಂಥ ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳಲು ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿಗೆ ಬೀಳುವ ನೀರು ಹೊಸದಾಗಿ ನೋವು ಶುರುವಾದವರು. ಹೊರಹೋಗುವ ನೀರು ಗುಣವಾದವರು. ಒಂದು ದಿನ ತೊಟ್ಟಿಯಲ್ಲಿ ನಿಂತಿರುವ ನೀರೇ ಆ ದಿನ ನೋವಿರುವವರ ಒಟ್ಟು ಸಂಖ್ಯೆ. ಒಳಬರುವ ನೀರು ಹೆಚ್ಚದಿದ್ದರೂ ಹೊರಹೋಗುವ ಕೊಳವೆ ಕಟ್ಟಿಕೊಂಡರೆ ತೊಟ್ಟಿ ತುಂಬುತ್ತದೆ. ಬೆನ್ನುನೋವು ಜೀವನದಲ್ಲಿ ಒಮ್ಮೆಯಾದರೂ ಬರುವುದು ಸಾಮಾನ್ಯ. ಹೆಚ್ಚಿನವರಿಗೆ ಅದು ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಹಾಗಿದ್ದರೆ ಕೊಳವೆಯನ್ನು ಕಟ್ಟುತ್ತಿರುವುದು ಏನು? ಸಂಶೋಧಕರ ಮುಂದಿರುವ ಮುಖ್ಯ ಪ್ರಶ್ನೆ ಇದು.

ನೋವು ಹುಟ್ಟುವ ಬಗೆ

ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಬಡಿದಾಗ ಏನಾಗುತ್ತದೆ, ಗಮನಿಸಿದ್ದೀರಾ? ಮೊದಲು ಚುರುಕ್ಕೆಂದು ಒಂದು ನೋವು. ತುಸು ತಡೆದು, ಹರಡಿಕೊಳ್ಳುವ ಎರಡನೆಯ ನೋವು. ಇದಕ್ಕೆ ಕಾರಣ ಎರಡು ಬಗೆಯ ನರತಂತುಗಳು. ಎ-ಡೆಲ್ಟಾ ಎಂಬ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ 5ರಿಂದ 30 ಮೀಟರ್ ಸಾಗುತ್ತದೆ. ತೆಳುವಾದ ‘ಸಿ’ ತಂತುಗಳಲ್ಲಿ ವೇಗ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ. ಹೆಬ್ಬೆರಳಿನಿಂದ ಬೆನ್ನಿನವರೆಗೆ ಸುಮಾರು ಒಂದು ಮೀಟರ್ ದೂರವೆಂದು ಹಿಡಿದು ಎರಡು ಸಂಕೇತಗಳ ಅಂತರವನ್ನು ನೀವೇ ಲೆಕ್ಕ ಹಾಕಬಹುದು.

ಆದರೆ ತಂತುಗಳು ಒಯ್ಯುವುದು ಅಪಾಯದ ಸೂಚನೆಯನ್ನು. ಅದು ನೋವಾಗುವುದು ಮಿದುಳಿನಲ್ಲಿ. ನಡುವೆ ಆ ಸೂಚನೆಯನ್ನು ತಗ್ಗಿಸುವ, ಹಿಗ್ಗಿಸುವ ವ್ಯವಸ್ಥೆಗಳಿವೆ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ನಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ‘ದ್ವಾರ ನಿಯಂತ್ರಣ’ ಸಿದ್ಧಾಂತ ಇದನ್ನೇ ಹೇಳಿತು. ಮಿದುಳುಬಳ್ಳಿಯಲ್ಲಿ ಒಂದು ಬಾಗಿಲಿದ್ದಂತೆ; ಸ್ಪರ್ಶದ ಸಂಕೇತಗಳೂ ಮಿದುಳಿನಿಂದ ಇಳಿದುಬರುವ ಸಂಕೇತಗಳೂ ಅದನ್ನು ಮುಚ್ಚಬಲ್ಲವು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುವುದು ಇದರಿಂದಲೇ. ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದರೂ ಅದರ ಮೂಲ ಕಲ್ಪನೆ ಉಳಿದಿದೆ.

ಎರಡನೆಯ ಮಹಾಯುದ್ಧದಲ್ಲಿ ಗಾಯಾಳು ಸೈನಿಕರನ್ನು ಪ್ರಶ್ನಿಸಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್ 1946ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ತೀವ್ರವಾಗಿ ಗಾಯಗೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ತಮಗೆ ನೋವು ನಿವಾರಕ ಬೇಡವೆಂದಿದ್ದರು. ದೊಡ್ಡ ಗಾಯ, ಸಣ್ಣ ನೋವು! ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಗಾಯವಾದ ಮೇಲೆ ಮಿದುಳುಬಳ್ಳಿಯ ನರಕೋಶಗಳೇ ಹೆಚ್ಚು ಸಂವೇದಿಗಳಾಗುತ್ತವೆ ಎಂದು ತಿಳಿಯಿತು. ಜಾತ್ರೆಯ ಧ್ವನಿವರ್ಧಕದ ಗುಂಡಿಯನ್ನು ಯಾರೋ ಪೂರ್ತಿ ತಿರುಗಿಸಿ ಮರೆತುಹೋದಂತೆ ಇದು. ಆಗ ಪಿಸುಮಾತೂ ಗರ್ಜನೆಯಾಗುತ್ತದೆ. ಗಾಯ ಮಾಗಿದ ಮೇಲೂ ನೋವು ಉಳಿಯುವುದಕ್ಕೆ ಇದೊಂದು ಮುಖ್ಯ ವಿವರಣೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಧ್ವನಿವರ್ಧಕ ಕೆಟ್ಟಾಗ ಕೇಳಿಸುವ ಸದ್ದು ನಿಜವಾದ ಸದ್ದೇ. ಹಾಗೆಯೇ ಈ ನೋವೂ ನಿಜವಾದ ನೋವೇ. ‘ಎಲ್ಲ ನಿನ್ನ ಕಲ್ಪನೆ’ ಎಂದು ನೋಯುವವರಿಗೆ ಹೇಳಲು ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಚಿತ್ರದಲ್ಲಿ ಕಂಡದ್ದು

ಬೆನ್ನೆಲುಬಿನ ಕಶೇರುಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳೇ ಡಿಸ್ಕ್‌ಗಳು. ಎಂ.ಆರ್.ಐ. ಯಂತ್ರ ಬಂದ ಮೇಲೆ ಇವುಗಳ ಸವೆತ, ಉಬ್ಬು, ಚಾಚಿಕೆ ಎಲ್ಲವೂ ಸ್ಪಷ್ಟವಾಗಿ ಕಾಣತೊಡಗಿದವು. ನೋವಿರುವವರ ಚಿತ್ರದಲ್ಲಿ ಉಬ್ಬು ಕಂಡರೆ ‘ಇದೇ ಕಾರಣ’ ಎನ್ನುವುದು ಸಹಜ. ಆದರೆ ನೋವಿಲ್ಲದವರ ಚಿತ್ರ ತೆಗೆದರೆ?

1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಲ್ಲದ 98 ಮಂದಿಯ ಎಂ.ಆರ್.ಐ. ಚಿತ್ರಗಳನ್ನು ಪರಿಶೀಲಿಸಿದರು. ಎಲ್ಲ ಡಿಸ್ಕ್‌ಗಳೂ ಸರಿಯಾಗಿ ಕಂಡದ್ದು ಶೇಕಡ 36 ಮಂದಿಯಲ್ಲಿ ಮಾತ್ರ. ಶೇಕಡ 52 ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು, ಶೇಕಡ 27 ಮಂದಿಯಲ್ಲಿ ಚಾಚಿತ್ತು. ಇವರಲ್ಲಿ ಯಾರಿಗೂ ನೋವಿರಲಿಲ್ಲ ಎಂಬುದನ್ನು ನೆನಪಿಡಿ. ಇಂಥ 33 ಅಧ್ಯಯನಗಳನ್ನು, ಅಂದರೆ ನೋವಿಲ್ಲದ 3110 ಜನರ ಮಾಹಿತಿಯನ್ನು, 2015ರಲ್ಲಿ ಒಟ್ಟುಗೂಡಿಸಿದಾಗ ಡಿಸ್ಕ್ ಸವೆತ 20ರ ವಯಸ್ಸಿನವರಲ್ಲಿ ಶೇಕಡ 37ರಷ್ಟಿದ್ದು, 80ರ ವಯಸ್ಸಿಗೆ ಶೇಕಡ 96ಕ್ಕೆ ಏರುವುದು ಕಂಡುಬಂತು.

ಹಾಗಾದರೆ ಸವೆತ ಎಂದರೇನು? ಬಹಳ ಮಟ್ಟಿಗೆ ಅದು ನರೆಗೂದಲಿನಂತೆ ವಯಸ್ಸಿನ ಗುರುತು. ಕೆಲವರಲ್ಲಿ ಚಾಚಿದ ಡಿಸ್ಕ್ ನರವನ್ನು ಒತ್ತಿ ಕಾಲಿಗೆ ಇಳಿಯುವ ನೋವು ತರುವುದು ನಿಜ. ಆದರೆ ಬೆನ್ನುನೋವಿನ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಇಂಥದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ನೋವಿಲ್ಲದವರ ಗುಂಪನ್ನು ನೋಡದೆ ಹೋಗಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಹೋಲಿಕೆಯ ಗುಂಪು ಏಕೆ ಬೇಕು ಎಂದು ವಿದ್ಯಾರ್ಥಿಗಳು ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅವಳಿಗಳು ಮತ್ತು ಕಾರ್ಮಿಕರು

ಭಾರ ಹೊರುವುದರಿಂದ ಡಿಸ್ಕ್ ಸವೆಯುತ್ತದೆಯೆ? ಇದನ್ನು ಪರೀಕ್ಷಿಸಲು ಸಂಶೋಧಕರು ಫಿನ್ಲೆಂಡಿನ 115 ಜೊತೆ ಏಕರೂಪಿ ಅವಳಿ ಗಂಡಸರನ್ನು ಆರಿಸಿಕೊಂಡರು. ಏಕರೂಪಿ ಅವಳಿಗಳ ಆನುವಂಶಿಕ ಸಾಮಗ್ರಿ ಒಂದೇ. ಒಬ್ಬ ಭಾರದ ಕೆಲಸದಲ್ಲಿದ್ದು ಇನ್ನೊಬ್ಬ ಹಗುರ ಕೆಲಸದಲ್ಲಿದ್ದರೆ ಇಬ್ಬರ ಬೆನ್ನಿನ ವ್ಯತ್ಯಾಸ ಕೆಲಸದ ಪಾಲನ್ನು ತಿಳಿಸುತ್ತದೆ. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ ದೈಹಿಕ ಶ್ರಮದ ಭಾರ ವಿವರಿಸಿದ್ದು ಸೊಂಟದ ಮೇಲುಭಾಗದ ಡಿಸ್ಕ್‌ಗಳ ಸವೆತದ ವ್ಯತ್ಯಾಸದಲ್ಲಿ ಶೇಕಡ 7ನ್ನು, ಕೆಳಭಾಗದಲ್ಲಿ ಶೇಕಡ 2ನ್ನು ಮಾತ್ರ. ಮನೆತನದಿಂದ, ಅಂದರೆ ವಂಶವಾಹಿಗಳು ಮತ್ತು ಬಾಲ್ಯದ ಪರಿಸರದಿಂದ ಬಂದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ಇಲ್ಲಿ ಅಳೆದದ್ದು ಸವೆತವನ್ನು, ನೋವನ್ನಲ್ಲ ಎಂಬುದನ್ನು ಮರೆಯಬಾರದು. ಭಾರವನ್ನು ಹೇಗೆ ಬೇಕಾದರೂ ಎತ್ತಬಹುದು ಎಂಬ ಅರ್ಥವೂ ಇದಕ್ಕಿಲ್ಲ.

ನೋವಿನ ಬಗ್ಗೆಯೇ ನಡೆದ ಅಧ್ಯಯನವೊಂದು ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯದು. ಅಲ್ಲಿನ 3020 ಕಾರ್ಮಿಕರನ್ನು ಮೊದಲೇ ಪರೀಕ್ಷಿಸಿ, ಮುಂದೆ ಸುಮಾರು ನಾಲ್ಕು ವರ್ಷ ಗಮನಿಸಿದರು. 1991ರಲ್ಲಿ ಪ್ರಕಟವಾದ ವರದಿಯಂತೆ, ತಮ್ಮ ಕೆಲಸದಲ್ಲಿ ಸಂತೋಷವೇ ಇಲ್ಲ ಎಂದಿದ್ದವರು ಸಂತೋಷದಿಂದಿದ್ದವರಿಗಿಂತ ಎರಡೂವರೆ ಪಟ್ಟು ಹೆಚ್ಚು ಬೆನ್ನಿನ ತೊಂದರೆಯನ್ನು ದಾಖಲಿಸಿದ್ದರು. ಅಸಂತೋಷವೇ ನೋವಿಗೆ ಕಾರಣವೆ? ಹಾಗೆನ್ನುವ ಆತುರ ಬೇಡ. ಜೊತೆಜೊತೆಗೆ ಇರುವುದು ಬೇರೆ, ಕಾರಣವಾಗುವುದು ಬೇರೆ. ಆದರೂ ನಿದ್ರೆ, ಆತಂಕ, ದುಡಿಮೆಯ ಸ್ಥಿತಿ ಇವನ್ನು ಬಿಟ್ಟು ಬರೀ ಬೆನ್ನೆಲುಬನ್ನು ನೋಡಿದರೆ ಸಾಲದು ಎಂಬುದನ್ನು ಇದು ಎತ್ತಿ ತೋರಿಸಿತು. ಮಿದುಳಿನಿಂದ ಇಳಿದುಬರುವ ಸಂಕೇತಗಳು ನೋವಿನ ಬಾಗಿಲನ್ನು ಮುಚ್ಚಬಲ್ಲವು, ತೆರೆಯಬಲ್ಲವು ಎಂಬುದಕ್ಕೆ ಈ ಫಲಿತಾಂಶ ಹೊಂದಿಕೊಳ್ಳುತ್ತದೆ.

ಮಲಗುವುದೇ ಮದ್ದೆ?

ನೋವು ಬಂದರೆ ಮಲಗಬೇಕು ಎಂಬುದು ಹಿಂದಿನಿಂದ ಬಂದ ಬುದ್ಧಿವಾದ. ಇದನ್ನು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ನಗರಾಡಳಿತದ ನೌಕರರ ಮೇಲೆ ಪರೀಕ್ಷಿಸಲಾಯಿತು. ಹೊಸದಾಗಿ ಬೆನ್ನುನೋವು ಬಂದಿದ್ದ 186 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಮೊದಲ ಗುಂಪು ಎರಡು ದಿನ ಮಲಗಬೇಕು. ಎರಡನೆಯದು ಬೆನ್ನಿನ ವ್ಯಾಯಾಮ ಮಾಡಬೇಕು. ಮೂರನೆಯದು ನೋವು ಸಹಿಸುವಷ್ಟರ ಮಟ್ಟಿಗೆ ಮಾಮೂಲು ಓಡಾಟ ನಡೆಸಬೇಕು. 1995ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೇಗ ಚೇತರಿಸಿಕೊಂಡವರು ಮಾಮೂಲು ಓಡಾಟದವರು; ಎಲ್ಲರಿಗಿಂತ ನಿಧಾನ ಮಲಗಿದವರು.

ಮಲಗಿದರೆ ಏಕೆ ತಡ? ಬಳಸದ ಸ್ನಾಯು ಬಲಗುಂದುತ್ತದೆ, ಕೀಲು ಬಿಗಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ಅಲುಗಾಡಿದರೆ ಹಾನಿ’ ಎಂಬ ಭಯ ಬೇರೂರುತ್ತದೆ. ಭಯದಿಂದ ಓಡಾಟ ಕಡಿಮೆ, ಓಡಾಟ ಕಡಿಮೆಯಾದಷ್ಟೂ ನೋವು ಹೆಚ್ಚು, ನೋವು ಹೆಚ್ಚಾದಷ್ಟೂ ಭಯ ಹೆಚ್ಚು. ತೊಟ್ಟಿಯ ಕೊಳವೆಯನ್ನು ಕಟ್ಟುವ ಕಸ ಬಹುಮಟ್ಟಿಗೆ ಇದೇ ಇರಬಹುದೆ?

ಒಂದು ರಾಜ್ಯಕ್ಕೇ ಚಿಕಿತ್ಸೆ

ಹೌದಾದರೆ ಇಡೀ ಜನಸಮುದಾಯದ ನಂಬಿಕೆಯನ್ನು ಬದಲಿಸಿ ನೋಡಬಹುದಲ್ಲ! ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 1997ರಿಂದ 1999ರವರೆಗೆ ಇದನ್ನೇ ಮಾಡಿತು. ಕಾರ್ಮಿಕರಿಗೆ ಪರಿಹಾರ ನೀಡುವ ಅಲ್ಲಿನ ಸರ್ಕಾರಿ ಸಂಸ್ಥೆಯೇ ಇದನ್ನು ಕೈಗೊಂಡಿತು. ಟಿ.ವಿ. ಜಾಹೀರಾತುಗಳಲ್ಲಿ ವೈದ್ಯರು, ಹೆಸರಾಂತ ವ್ಯಕ್ತಿಗಳು ಬಂದು ಸರಳ ಸಂದೇಶ ಹೇಳಿದರು: ಬೆನ್ನುನೋವಿಗೆ ಹೆದರಬೇಡಿ, ಹಾಸಿಗೆ ಹಿಡಿಯಬೇಡಿ, ಆದಷ್ಟು ಮಟ್ಟಿಗೆ ಕೆಲಸದಲ್ಲಿರಿ. ವೈದ್ಯರಿಗೂ ಮಾರ್ಗಸೂಚಿ ತಲುಪಿಸಲಾಯಿತು. ಹೋಲಿಕೆಗಾಗಿ, ಪ್ರಚಾರ ನಡೆಯದ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯವಿತ್ತು.

ರಾಶೆಲ್ ಬುಕ್‌ಬೈಂಡರ್ ಮತ್ತು ಸಂಗಡಿಗರು ಪ್ರಚಾರಕ್ಕೆ ಮೊದಲೂ ಆಮೇಲೂ 4730 ಸಾಮಾನ್ಯ ಜನರನ್ನು, 2556 ವೈದ್ಯರನ್ನು ಪ್ರಶ್ನಿಸಿ 2001ರಲ್ಲಿ ವರದಿ ಪ್ರಕಟಿಸಿದರು. ವಿಕ್ಟೋರಿಯದಲ್ಲಿ ಜನರ ಮತ್ತು ವೈದ್ಯರ ಅಭಿಪ್ರಾಯ ಬದಲಾಗಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಅಂಥ ಬದಲಾವಣೆ ಇರಲಿಲ್ಲ. ಬೆನ್ನುನೋವಿಗಾಗಿ ಪರಿಹಾರ ಕೋರುವ ಅರ್ಜಿಗಳು, ಕೆಲಸ ತಪ್ಪಿದ ದಿನಗಳು, ಚಿಕಿತ್ಸಾ ವೆಚ್ಚ ಮೂರೂ ಇಳಿದವು. ಪ್ರಚಾರ ನಿಂತು ಮೂರು ವರ್ಷವಾದ ಮೇಲೂ ಜನರ ಅಭಿಪ್ರಾಯದಲ್ಲಿನ ಸುಧಾರಣೆ ಬಹುಪಾಲು ಉಳಿದಿತ್ತು.

ಇಷ್ಟಕ್ಕೇ ಸಮಸ್ಯೆ ಬಗೆಹರಿಯಿತೆ? ಇಲ್ಲ. ಸ್ಕಾಟ್ಲೆಂಡಿನಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಇಂಥದೇ ಪ್ರಚಾರ ನಡೆದಾಗ ಜನರ ಅಭಿಪ್ರಾಯ ತುಸು ಬದಲಾದರೂ ರಜೆ, ಚಿಕಿತ್ಸೆಗಳ ಪ್ರಮಾಣ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ತಿಳಿವಳಿಕೆ ಬೇಕು, ಅದೊಂದೇ ಸಾಲದು. ಕೆಲಸಕ್ಕೆ ಮರಳಲು ಅನುಕೂಲ, ವೈದ್ಯರ ಸಹಕಾರ, ಮಾಲೀಕರ ಒಪ್ಪಿಗೆ ಇವೂ ಕೂಡಿಬರಬೇಕು. ದಿನಗೂಲಿಯಲ್ಲಿ ಇಟ್ಟಿಗೆ ಹೊರುವವರಿಗೆ ‘ಹಗುರ ಕೆಲಸದಲ್ಲಿರಿ’ ಎಂದರೆ ಆ ಹಗುರ ಕೆಲಸವನ್ನು ಯಾರಾದರೂ ಕೊಡಬೇಕಲ್ಲವೆ?

ಮಾತ್ರೆ ಎಷ್ಟು, ನಡಿಗೆ ಎಷ್ಟು?

ತಪ್ಪು ದಾರಿ ಹಿಡಿದರೆ ಏನಾಗಬಹುದು ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 1990ರ ದಶಕದ ಕೊನೆಯಿಂದ ಅಲ್ಲಿ ಅಫೀಮಿನ ವರ್ಗದ ನೋವು ನಿವಾರಕಗಳನ್ನು ದೀರ್ಘಕಾಲಿಕ ನೋವಿಗೆ ಧಾರಾಳವಾಗಿ ಬರೆದುಕೊಡಲಾಯಿತು. ಚಟ ಮತ್ತು ಅತಿಸೇವನೆಯಿಂದ ಲಕ್ಷಾಂತರ ಜನ ಸತ್ತರು. ಬೆನ್ನು, ಸೊಂಟದ ಕೀಲು ಅಥವಾ ಮಂಡಿಯ ದೀರ್ಘಕಾಲಿಕ ನೋವಿದ್ದ 240 ಮಂದಿಯ ಮೇಲೆ ಒಂದು ವರ್ಷ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ದಿನನಿತ್ಯದ ಚಟುವಟಿಕೆಯನ್ನು ಸುಧಾರಿಸುವುದರಲ್ಲಿ ಈ ಮದ್ದುಗಳು ಸಾಮಾನ್ಯ ನೋವು ನಿವಾರಕಗಳಿಗಿಂತ ಮೇಲಾಗಿರಲಿಲ್ಲ. ಇಂಥ ಪ್ರಯೋಗ ಮೊದಲೇ ನಡೆದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ! ಕ್ಯಾನ್ಸರ್‌ನ ಕೊನೆಯ ಹಂತದ ನೋವಿಗೆ ಮಾರ್ಫೀನ್ ಅತ್ಯಗತ್ಯ ಎಂಬುದು ಬೇರೆ ಮಾತು. ಅಲ್ಲಿ ಅದನ್ನು ನಿರಾಕರಿಸುವುದು ಕ್ರೌರ್ಯವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲಿಕ ಬೆನ್ನುನೋವಿಗೆ ಮಾರ್ಗಸೂಚಿ ಹೊರತಂದಿತು. ರೋಗಿಗೆ ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ, ಅಂಗಮರ್ದನದಂಥ ಕೆಲವು ಭೌತಿಕ ಚಿಕಿತ್ಸೆ, ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾನಸಿಕ ಚಿಕಿತ್ಸೆ, ಅಗತ್ಯವಿದ್ದರೆ ಉರಿಯೂತ ತಗ್ಗಿಸುವ ಮಾತ್ರೆ ಇವುಗಳನ್ನು ಅದು ಸೂಚಿಸುತ್ತದೆ. ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಫೀಮಿನ ವರ್ಗದ ಮದ್ದು ಇವು ಮಾಮೂಲಾಗಿ ಬೇಡ ಎನ್ನುತ್ತದೆ.

ಖರ್ಚಿಲ್ಲದ ಒಂದು ಉಪಾಯವೂ ಪರೀಕ್ಷೆಗೆ ಒಳಗಾಗಿದೆ. ಆಸ್ಟ್ರೇಲಿಯದಲ್ಲಿ ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಮಂದಿಯಲ್ಲಿ ಒಂದು ಗುಂಪಿಗೆ ಹಂತಹಂತವಾಗಿ ಹೆಚ್ಚಿಸುವ ನಡಿಗೆಯ ಕಾರ್ಯಕ್ರಮವನ್ನೂ ತಿಳಿವಳಿಕೆಯನ್ನೂ ಕೊಟ್ಟರು. 2024ರ ವರದಿಯಂತೆ ನೋವು ಮರುಕಳಿಸುವವರೆಗಿನ ಮಧ್ಯಕ ಅವಧಿ ನಡೆದವರಲ್ಲಿ 208 ದಿನ, ಉಳಿದವರಲ್ಲಿ 112 ದಿನ. ನಡಿಗೆ ನೋವನ್ನು ಶಾಶ್ವತವಾಗಿ ಅಳಿಸಲಿಲ್ಲ. ನೋವಿಲ್ಲದ ದಿನಗಳನ್ನು ಸುಮಾರು ಎರಡರಷ್ಟು ಮಾಡಿತು.

ಇವನ್ನು ಕಡೆಗಣಿಸಬೇಡಿ

ಓಡಾಡಿ ಎಂಬ ಸಲಹೆ ಎಲ್ಲ ಬೆನ್ನುನೋವಿಗೂ ಸಲ್ಲದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಬಂದಿದ್ದರೆ, ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬೆನ್ನೆಲುಬಿನ ಕ್ಷಯ ನಮ್ಮ ದೇಶದಲ್ಲಿ ಇಂದಿಗೂ ಇದೆ. ಕಾಲು ಬಲಗುಂದುವುದು, ತೊಡೆಗಳ ನಡುವೆ ಜೋಮು, ಮಲಮೂತ್ರದ ಹಿಡಿತ ತಪ್ಪುವುದು ಇವು ತುರ್ತು ಲಕ್ಷಣಗಳು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನ್ ನಿಜವಾಗಿ ನೆರವಾಗುವುದು ಇಂಥವರಿಗೆ.

ತರಗತಿಗೆ ಒಂದು ಚಟುವಟಿಕೆ

ಮಕ್ಕಳ ಬೆನ್ನುನೋವು ಎಂದೊಡನೆ ನೆನಪಾಗುವುದು ಶಾಲಾ ಚೀಲ. ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿ ಆದೇಶಿಸಿದೆ. ಚೀಲ ಹಗುರವಾಗಿದ್ದರೆ ಮಗುವಿಗೆ ಸುಖ, ಸಂದೇಹವಿಲ್ಲ. ಆದರೆ 69 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಮರ್ಶೆಯೊಂದಕ್ಕೆ ಚೀಲದ ತೂಕದಿಂದಲೇ ಬೆನ್ನುನೋವು ಬರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ.

ನೀವೂ ಪರೀಕ್ಷಿಸಬಹುದು. ವಿದ್ಯಾರ್ಥಿಗಳ ತೂಕ, ಚೀಲದ ತೂಕ, ಆಟಕ್ಕೆ ಕೊಡುವ ಹೊತ್ತು, ನಿದ್ರೆಯ ಗಂಟೆ, ಕಳೆದ ತಿಂಗಳು ಬೆನ್ನು ನೋಯಿತೆ ಎಂಬ ಉತ್ತರ ಇವನ್ನು ಹೆಸರು ಬರೆಯದೆ ಒಂದು ಪಟ್ಟಿಯಲ್ಲಿ ಸಂಗ್ರಹಿಸಿ. ನೋವಿದ್ದವರ ಮತ್ತು ಇಲ್ಲದವರ ಸರಾಸರಿಗಳನ್ನು ಹೋಲಿಸಿ. ವ್ಯತ್ಯಾಸ ಕಂಡರೆ ಮುಂದಿನ ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ಕೇಳಲಿ: ಇದು ಆಕಸ್ಮಿಕವೆ? ಯಾವುದು ಮೊದಲು, ನೋವೋ ಆಟ ಬಿಟ್ಟದ್ದೋ? ನಲವತ್ತು ಮಕ್ಕಳಿಂದ ಉತ್ತರ ಸಿಗದಿರಬಹುದು. ಆದರೆ ‘ಡಿಸ್ಕ್ ಸವೆದಿದೆ, ಇನ್ನು ಮುಗಿಯಿತು’ ಎಂದು ಹಾಸಿಗೆ ಹಿಡಿದ ಅಜ್ಜನನ್ನೋ ಅತ್ತೆಯನ್ನೋ ಅವರು ಮನೆಯಲ್ಲಿ ಕಂಡರೆ, ನೋವಿಲ್ಲದವರ ಚಿತ್ರದಲ್ಲೂ ಸವೆತವಿತ್ತು ಎಂದು ಹೇಳಬಲ್ಲರು. ಕೈಹಿಡಿದು ನಾಲ್ಕು ಹೆಜ್ಜೆ ನಡೆಸಲೂಬಲ್ಲರು.